ಮೇಷ್ಟ್ರ ಅಳಿಯನ ದೋಣಿ

ಬೇಲಿ ಆಚೆಯ ಮೇಷ್ಟ್ರು ಹುಟ್ಟಿದ್ದು ಜಗಳೂರು ಸೀಮೆಯಲ್ಲಿ, ರಿಟೈರಾಗಿ ಮನೆ ಕಟ್ಟಿಸಿದ್ದು ಹೊನ್ನಾಳಿಯಲ್ಲಿ. ಒಂದು ಕೊಡ ನೀರಿಗೆ ಜಗಳವಾಡುತ್ತಿದ್ದ ಊರಿಂದ ಹೊಳೆ ದಂಡೆಗೆ ಬಂದವರು, ನೀರಿನ ಮೇಲೆ ತೇಲುವುದೆಲ್ಲ ಅವರಿಗೆ ಪುಷ್ಪಕ ವಿಮಾನ.

ಮೊನ್ನೆ ದಾಸವಾಳದ ಬೇಲಿ ಮೇಲಿಂದ ಮೊಬೈಲು ಚಾಚಿದರು. ಅಳಿಯ ರಜೆಗೆಂದು ಕ್ರೊಯೇಷಿಯಾಕ್ಕೆ ಹೋಗಿದ್ದಾನೆ, ಸ್ನೇಹಿತರ ಜೊತೆ ಹಾಯಿದೋಣಿ ಬಾಡಿಗೆ ಹಿಡಿದಿದ್ದಾನೆ. ಫೋಟೋದಲ್ಲಿ ಗುಡ್ಡದ ಮರೆಯ ಪುಟ್ಟ ಕೊಲ್ಲಿ, ಒಂದು ಹೋಟೆಲು, ಅದರೆದುರು ನೀರಿಗೆ ಚಾಚಿದ ಕಟ್ಟೆ.

"ನೋಡಪ್ಪಾ, ಅಲ್ಲೇ ಊಟ ಮಾಡಿದ್ರೆ ದೋಣಿ ಕಟ್ಟೋಕೆ ದುಡ್ಡಿಲ್ವಂತೆ!"

ಅಲ್ಲಿ ಎಷ್ಟೋ ಹೋಟೆಲುಗಳದು ಇದೇ ಪದ್ಧತಿ. ಕೆಂಡ ಮುಚ್ಚಿದ ಗಂಟೆಯಾಕಾರದ ಮುಚ್ಚಳದಡಿ ಬೇಯಿಸುವ ಮಾಂಸಕ್ಕೆ ತಾಸುಗಟ್ಟಲೆ ಬೇಕು, ಹಾಗಾಗಿ ಮುಂಚೆಯೇ ಫೋನು ಮಾಡಬೇಕು. ಅದೇ ಫೋನಿನಲ್ಲಿ ದೋಣಿಗೂ ಜಾಗ ಹೇಳಿಬಿಡುತ್ತಾರೆ. ದೋಣಿ ಹಿಂದಕ್ಕೆ ಹಿಂದಕ್ಕೆ ಬರುವಾಗ ಹೋಟೆಲಿನ ಹುಡುಗ ಹಿಂಬದಿಯ ಹಗ್ಗ ಹಿಡಿಯುತ್ತಾನೆ. ನೀರಡಿಯ ಭಾರಕ್ಕೆ ಬಿಗಿದ ಇನ್ನೊಂದು ಹಗ್ಗವನ್ನು ಎತ್ತಿ ಮೂತಿಗೆ ಕಟ್ಟಿಸುತ್ತಾನೆ. ದೋಣಿ ಕಟ್ಟೆಗೆ ಗುದ್ದುವುದೂ ಇಲ್ಲ, ತೇಲಿ ಹೋಗುವುದೂ ಇಲ್ಲ.

"ನಮ್ಮ ಹೊಳೇಲೂ ಇಂಥದೊಂದು ಹಾಕಿದ್ರೆ?"

"ಮಂಡಕ್ಕಿ ಮೆಣಸಿನಕಾಯಿ ಒಂದು ಪ್ಲೇಟ್ ತಿಂದು ಮೂರು ದಿನ ದೋಣಿ ಬಿಟ್ಟು ಹೋಗ್ತಾರೆ, ಮೇಷ್ಟ್ರೇ."

ಅದು ತಮಾಷೆಗೆ. ನಿಜವಾದ ತೊಡಕು ನೀರಿನದು. ಆ ಸಮುದ್ರದಲ್ಲಿ ಉಬ್ಬರ-ಇಳಿತ ಸಾಮಾನ್ಯವಾಗಿ ಮೊಣಕಾಲಿಗೂ ಬರುವುದಿಲ್ಲ, ಕಟ್ಟೆ ಒಮ್ಮೆ ಹಾಕಿದರೆ ಮುಗಿಯಿತು. ನಮ್ಮ ತುಂಗಭದ್ರೆ ಬೇಸಿಗೆಯಲ್ಲಿ ಬಂಡೆಗಳ ಸಂದಿಗೆ ಸೇರಿಕೊಳ್ಳುತ್ತಾಳೆ; ಆಷಾಢದಲ್ಲಿ ಗಾಜನೂರು ಅಣೆಕಟ್ಟಿನ ಗೇಟು ತೆಗೆದರೆ ಊರೊಳಗಿನ ಬಾಲರಾಜ್ ಘಾಟಿನ ಮನೆಗಳಿಗೇ ನುಗ್ಗುತ್ತಾಳೆ. ಯಾವ ಮೆಟ್ಟಿಲಿಗೆ ಹಗ್ಗ ಕಟ್ಟುವುದು?

ಹರಿಗೋಲಿನವರು ಅದಕ್ಕೇ ಕಟ್ಟುವ ಉಸಾಬರಿಗೇ ಹೋಗಲಿಲ್ಲ. ಕೆಲಸ ಮುಗಿಯಿತೋ, ಎತ್ತಿಕೊಂಡು ದಂಡೆ ಹತ್ತಿಸಿ ಬೋರಲು ಹಾಕಿದರು. ತಳ ಒಣಗುತ್ತದೆ, ಡಾಂಬರು ಎಲ್ಲಿ ಬಿಟ್ಟಿದೆ ಎಂದೂ ಕಾಣುತ್ತದೆ. ಬಿದಿರಿನ ಹೆಣಿಗೆ ಹಳೆಯದೇ, ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪೇಸ್ ಇದೇ ಹೊಳೆಯಲ್ಲಿ ಆನೆಗೊಂದಿ ಹತ್ತಿರ ಇವನ್ನು ಕಂಡಿದ್ದ. ಹದಿನೈದು-ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದಷ್ಟೂ ಗರಗರ ತಿರುಗುತ್ತವೆ ಎಂದು ಬರೆದಿಟ್ಟಿದ್ದಾನೆ. ಕುದುರೆಗೆ ತಲೆ ಸುತ್ತಿತೋ ಇಲ್ಲವೋ ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ಮೇಷ್ಟ್ರು ಸೋಲುವವರಲ್ಲ. "ಚನ್ನಗಿರಿ ಸೂಳೆಕೆರೆ ಆಗ್ಬಹುದಲ್ಲ? ಗುಡ್ಡದ ಮರೆ ಇದೆ, ಭದ್ರಾ ನಾಲೆ ನೀರೂ ಬರುತ್ತೆ."

ಏರಿಯ ಬದಿಗೆ ಆದೀತೇನೋ. ಉಳಿದ ಕಡೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ದೋಣಿ ಕೆಸರಲ್ಲಿ ಕೂತು, ಅಳಿಯ ಪ್ಯಾಂಟು ಮಡಚಿ ಇಳಿಯಬೇಕಾದೀತು.

"ಹೋಗ್ಲಿ ಬಿಡು. ದೀಟೂರಿಂದ ಹೊಳೆ ನೀರು ಎತ್ತಿ ನಮ್ಮ ಜಗಳೂರು ಕಡೆ 57 ಕೆರೆ ತುಂಬಿಸೋ ಯೋಜನೆ ಇದೆಯಲ್ಲ, ನಮ್ಮೂರ ಕೆರೆಗೇ ಒಂದು ಹರಿಗೋಲು ಹಾಕ್ಸೋಣ."

"ಹುಟ್ಟು ಹಾಕೋರು ಯಾರು?"

"ಅಳಿಯ ಇದಾನಲ್ಲ! ಅಷ್ಟು ದುಡ್ಡು ಕೊಟ್ಟು ಕಲ್ತು ಬರ್ತಾ ಇದಾನೆ."