ಮಾನ್ವಿಯಿಂದ ಶಂಕರಾಚಾರ್ಯರಿಗೆ ಒಂದು ಬಹಿರಂಗ ಪತ್ರ

ಶ್ರೀ ಶಂಕರ ಭಗವತ್ಪಾದರಿಗೆ, ಮಾನ್ವಿ ತಾಲ್ಲೂಕಿನ ಓದುಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಈ ಪತ್ರ ನಿಮ್ಮ ಎದುರುಪಕ್ಷದವರ ಸೀಮೆಯಿಂದ ಬರುತ್ತಿದೆ. ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆನಿಂತ ಜಗನ್ನಾಥದಾಸರು ಮೂವರೂ ಮಧ್ವಮತದವರು. ಜಗತ್ತು ಹರಿಯ ಅಧೀನ, ಆದರೆ ಸುಳ್ಳಲ್ಲ ಎಂದು ಹಾಡಿಕೊಂಡು ಈ ಊರುಗಳಲ್ಲಿ ತಿರುಗಿದವರು. ಅವರ ನೆಲದಲ್ಲಿ ಕೂತು ನಿಮ್ಮ ಪರವಾಗಿ ಬರೆಯುತ್ತಿದ್ದೇನೆ. ನಿಮ್ಮ ಹೆಸರಲ್ಲಿ ಇಲ್ಲಿ ಓಡಾಡುತ್ತಿರುವ ಮಾತು ನಿಮ್ಮದಲ್ಲ ಎಂಬ ಸಂಕಟ ನನ್ನದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ನಾಲೆಯನ್ನೇ ನಂಬಿದ ನಮ್ಮ ಕಡೆಯ ರೈತರ ಎದೆ ಒಡೆದ ದಿನಗಳವು. ಶ್ರಾವಣ ಬೇರೆ, ಊರೂರಲ್ಲಿ ಪ್ರವಚನ. ಒಂದು ಸಂಜೆ ನಾಲೆಯ ಕೊನೆಭಾಗದ ಹಿರಿಯರೊಬ್ಬರು ಎದ್ದು ನಿಂತು, "ಭತ್ತ ನಾಟಿ ಮಾಡೀವ್ರಿ ಅಜ್ಜಾರ, ನೀರು ಬರಲಿಲ್ಲಂದ್ರ ಹೆಂಗ್ರಿ?" ಅಂದರು. ಟವಲು ಕೈಯಲ್ಲೇ ಇತ್ತು, ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಮೈಕಿನಿಂದ ಬಂದ ಉತ್ತರ: ಗದ್ದೆ, ನೀರು, ಬೆಳೆ ಎಲ್ಲಾ ಮಾಯೆ, ಶಂಕರರು ಹೇಳಿಲ್ಲವೇ, ಚಿಂತೆ ಯಾಕೆ? ಹಿರಿಯರು ಸುಮ್ಮನೆ ಕೂತರು.

ನೀವು ಹಾಗೆ ಹೇಳಿಲ್ಲ, ಆಚಾರ್ಯರೆ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ನಿಮ್ಮ ಬ್ರಹ್ಮಸೂತ್ರಭಾಷ್ಯವನ್ನು ಕನ್ನಡಕ್ಕೆ ತಂದಿಟ್ಟಿದ್ದಾರೆ, ನನ್ನಂಥವನೂ ಓದಬಹುದು. ಎರಡನೇ ಅಧ್ಯಾಯದ ಎರಡನೇ ಪಾದ, 28ನೇ ಸೂತ್ರ. ಹೊರಗೆ ಯಾವ ವಸ್ತುವೂ ಇಲ್ಲ, ಇರುವುದೆಲ್ಲ ಮನಸ್ಸಿನ ಅರಿವು ಮಾತ್ರ ಎಂದ ವಿಜ್ಞಾನವಾದಿ ಬೌದ್ಧರನ್ನು ನೀವು ಅಲ್ಲಿ ಹಿಡಿದು ನಿಲ್ಲಿಸುತ್ತೀರಿ. ಕಂಬ, ಗೋಡೆ, ಗಡಿಗೆ, ಬಟ್ಟೆ ಕಣ್ಣಿಗೆ ಬೀಳುತ್ತಿರುವಾಗ ಇಲ್ಲವೆನ್ನುವುದು, ಉಂಡು ತೃಪ್ತಿಪಡುತ್ತಲೇ ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯಾಗಿಲ್ಲ ಎಂದ ಹಾಗೆ ಎನ್ನುತ್ತೀರಿ. ಮುಂದಿನ ಸೂತ್ರದಲ್ಲಿ ಎಚ್ಚರವನ್ನು ಕನಸಿಗೆ ಸಮ ಮಾಡಬೇಡಿ ಎನ್ನುತ್ತೀರಿ. ಬ್ರಹ್ಮಜ್ಞಾನ ಬರುವವರೆಗೆ ಲೋಕದ ವ್ಯವಹಾರವೆಲ್ಲ ಸತ್ಯವೇ ಎಂದು ಅದಕ್ಕೂ ಮೊದಲೇ ಬರೆದಿದ್ದೀರಿ. ಹಗ್ಗದಲ್ಲಿ ಕಂಡ ಹಾವು ಒಂದು ಬಗೆ, ಈ ಹೊಲ, ಹೊಳೆ ಇನ್ನೊಂದು ಬಗೆ, ಬ್ರಹ್ಮ ಮತ್ತೊಂದು. ನಿಮ್ಮ ಮಿಥ್ಯೆ ಮೊಲದ ಕೊಂಬಿನಂಥ ಶೂನ್ಯವಲ್ಲ. ಹಗ್ಗದ ಹಾವಿಗೆ ಹೇಳುವ ಮಾತನ್ನೇ ಹೊಲಕ್ಕೂ ಹೇಳಿ ನಮ್ಮ ಪ್ರವಚನಕಾರರು ದಾರಿ ತಪ್ಪಿದ್ದಾರೆ.

ಭಾಷ್ಯದ ಆ ಕಂಬ ಓದುವಾಗ ನನಗೆ ಮಾನ್ವಿಯ ಕಂಬ ನೆನಪಾಯಿತು. ಜಗನ್ನಾಥದಾಸರ ಸನ್ನಿಧಾನ ಅದರಲ್ಲಿದೆಯೆಂದು ನಂಬಿ ಜನ ಪೂಜಿಸುತ್ತಾರೆ. ಇನ್ನೂ ಪಂಡಿತ ಶ್ರೀನಿವಾಸಾಚಾರ್ಯರಾಗಿದ್ದಾಗ ಅವರು ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪದ ನೋವು ನಿಜವಾಗಿ ಪ್ರಾಣಕ್ಕೆ ಬಂದಿತು. ಕೊನೆಗೆ ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ಜೊತೆಗೆ ತಮ್ಮ ಆಯುಷ್ಯದ 40 ವರ್ಷವನ್ನೂ ಧಾರೆಯೆರೆದು ಉಳಿಸಿದರು ಎಂಬುದು ಇಲ್ಲಿ ಮನೆಮನೆಯ ಕಥೆ. ಆ ಬದುಕಿನಲ್ಲಿ ಬಂದ ಹರಿಕಥಾಮೃತಸಾರದಲ್ಲಿ ಊಟದ ರಸಗಳಿಗೇ ಒಂದು ಸಂಧಿ ಮೀಸಲು; ತುತ್ತಿನಲ್ಲೂ ಹರಿಯ ರೂಪ ಹುಡುಕುವ ಪದ್ಯಗಳು. ಹಸಿದವನ ಎದುರು ನೀವೂ ದಾಸರೂ ಇಷ್ಟು ಹತ್ತಿರ ನಿಲ್ಲುತ್ತೀರೆಂದು ನಮಗೆ ಯಾರೂ ಹೇಳಿಕೊಡಲಿಲ್ಲ.

ಜಗಳ ತೀರಿತೆಂದು ನಾನು ಹೇಳುತ್ತಿಲ್ಲ. ನಿಮ್ಮ ಪರಮಗುರು ಗೌಡಪಾದರ ಕಾರಿಕೆಗಳು ಎಚ್ಚರವನ್ನೂ ಕನಸನ್ನೂ ಒಂದೇ ಸಾಲಿಗೆ ಕೂರಿಸುತ್ತವೆ, ಏನೂ ಹುಟ್ಟಿಯೇ ಇಲ್ಲ ಎನ್ನುತ್ತವೆ. ಅದಕ್ಕೆ ನಿಮ್ಮ ಹೆಸರಿನ ಭಾಷ್ಯವೂ ಇದೆ. ಜಗತ್ತು ಮಿಥ್ಯೆ ಎಂಬ ಮಾತು ಸತ್ಯವಾದರೆ ಬ್ರಹ್ಮದ ಪಕ್ಕದಲ್ಲಿ ಎರಡನೇ ಸತ್ಯ ಬಂದಿತು, ಆ ಮಾತೂ ಮಿಥ್ಯೆಯಾದರೆ ಜಗತ್ತು ಸತ್ಯವಾಯಿತು ಎಂಬ ಮಾಧ್ವರ ಪ್ರಶ್ನೆಯನ್ನು ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಬಿಗಿಯಾಗಿ ಎತ್ತಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಉತ್ತರಿಸಿದರು. ಆ ಪ್ರಶ್ನೆ ನನಗೆ ಇಂದಿಗೂ ಭಾರವಾಗಿಯೇ ಕಾಣುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಕ್ಷಮಿಸಿ. ಅದೇ ಸೂತ್ರಭಾಷ್ಯದ ಮೊದಲ ಅಧ್ಯಾಯದಲ್ಲಿ ಶೂದ್ರನಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎಂದು ಬರೆದಿದ್ದೀರಿ. ಅದು ನನಗೆ ಒಪ್ಪಿಗೆಯಿಲ್ಲ, ನೋವಾಗುತ್ತದೆ. ವ್ಯವಹಾರದಲ್ಲಿ ಜಾತಿಯ ಗೆರೆ ಅಷ್ಟು ಗಟ್ಟಿಯಾಗಿ ನಿಲ್ಲುವುದಾದರೆ, ಅದೇ ವ್ಯವಹಾರದಲ್ಲಿ ಒಣಗಿದ ಗದ್ದೆಯೂ ಅಷ್ಟೇ ಗಟ್ಟಿ. ಬಾವಿಯ ಬಳಿ ದೂರ ನಿಲ್ಲು ಎನ್ನುವಾಗ ಜಗತ್ತು ಸತ್ಯ, ಕೂಲಿ ಕೇಳಿದಾಗ ಜಗತ್ತು ಮಾಯೆ ಎನ್ನುವ ಲೆಕ್ಕ ರಾಯಚೂರು ಜಿಲ್ಲೆಯ ಬಡವರಿಗೆ ಹೊಸದಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ದೇವದುರ್ಗ ಅದರಲ್ಲಿತ್ತು. ಆ ಹಿಂದುಳಿಯುವಿಕೆಯನ್ನು ಮಾಯೆಯ ಖಾತೆಗೆ ಬರೆಯಲು ನಿಮ್ಮ ಭಾಷ್ಯದಲ್ಲಿ ಜಾಗವಿಲ್ಲ.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಹೆಸರು ಹೇಳಿ ನಮ್ಮೂರ ವೇದಿಕೆ ಹತ್ತುವವರು ಆ 28ನೇ ಸೂತ್ರದ ಭಾಷ್ಯವನ್ನು ಮೊದಲು ಜನರಿಗೆ ಓದಿ ಹೇಳಲಿ. ಟವಲು ಹಿಡಿದು ಎದ್ದು ನಿಂತವರ ಪ್ರಶ್ನೆಗೆ ನೀರಿನ ಲೆಕ್ಕದಲ್ಲೇ ಉತ್ತರ ಕೊಡಲಿ. ಗೊತ್ತಿಲ್ಲದಿದ್ದರೆ ಅವರೊಡನೆ ನೀರಾವರಿ ಕಚೇರಿಗೆ ಹೋಗಿ ಕೇಳಲಿ.

ಇಂತಿ ನಿಮ್ಮ ವಿಧೇಯ,
ಮಾನ್ವಿ ತಾಲ್ಲೂಕಿನ ಓದುಗ