ಉಗ್ರಾಣಾಧಿಪತಿ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ನೀಲಿ ಡ್ರಮ್ಮು ಇತ್ತು. ಅದನ್ನು ಮುಟ್ಟಬೇಕಾದರೆ ಸ್ಟೂಲು ಬೇಕು. ಸ್ಟೂಲು ಅಲುಗದಂತೆ ಹಿಡಿಯಲು ನನ್ನಾಕೆ ಬೇಕು. ಹಿಡಿದಷ್ಟು ಹೊತ್ತೂ ಆಕೆ ಆಡುವ ಮಾತು ತಾಳಿಕೊಳ್ಳಲು ಎಮ್ಮೆಯ ಚರ್ಮ ಬೇಕು. ಆದರೂ ಅರಮನೆಯ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ತೂಗುತ್ತಿದೆಯೇನೋ ಎಂಬಂತೆ ನಾನು ಅದರ ಕೆಳಗೆ ಓಡಾಡುತ್ತಿದ್ದೆ.

ಈ ಹುಚ್ಚು ಹತ್ತಿದ್ದು 2020ರ ಮಾರ್ಚ್ 24ರ ರಾತ್ರಿ. ಇನ್ನು 21 ದಿನ ಮನೆ ಬಿಟ್ಟು ಹೊರಡುವಂತಿಲ್ಲ ಎಂದು ಟೀವಿಯಲ್ಲಿ ಕೇಳಿದ್ದೇ ತಡ, ಚೀಲ ಹಿಡಿದು ಬೀದಿ ಕೊನೆಯ ಅಂಗಡಿಗೆ ಓಡಿದೆ. ಇಡೀ ಬಡಾವಣೆ ನನಗಿಂತ ಚುರುಕಾಗಿ ಓಡಿತ್ತು. ಉಳಿದಿದ್ದು ಸಬ್ಬಕ್ಕಿ ಮಾತ್ರ. ‘ಇದನ್ನೇ ತಗೊಳ್ಳಿ ಸಾರ್, ಮೈಗೆ ತಂಪು’ ಎಂದ ಅಂಗಡಿಯವನು. ಮೂರು ಕೆಜಿ ತಂದೆ. ಅದು ಪಾಯಸವಾಯಿತು, ಸಂಡಿಗೆಯಾಯಿತು, ವಡೆಯಾಯಿತು, ಕಡೆಗೆ ಉಪ್ಪಿಟ್ಟೂ ಆಯಿತು. ಈಗಲೂ ಮದುವೆಮನೆಯಲ್ಲಿ ಸಬ್ಬಕ್ಕಿ ಪಾಯಸದ ಬಕೆಟ್ಟು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತೇನೆ.

ಇನ್ನೊಮ್ಮೆ ಹೀಗಾಗಬಾರದೆಂದು, ಬೀದಿಗಳು ಮತ್ತೆ ತೆರೆದ ಮೇಲೆ, 25 ಕೆಜಿ ಅಕ್ಕಿ, 10 ಕೆಜಿ ತೊಗರಿಬೇಳೆ, 5 ಕೆಜಿ ರವೆ, ಎರಡು ಡಜನ್ ಮೇಣದಬತ್ತಿ ತಂದು ಅಟ್ಟ ಸೇರಿಸಿದೆ. ‘ಇದು ಆಪದ್ಧನ, ಯಾರೂ ಮುಟ್ಟಕೂಡದು’ ಎಂದು ಮನೆಯವರಿಗೆ ಆಜ್ಞೆಯನ್ನೂ ಹೊರಡಿಸಿದೆ. ‘ರೀ, ಮೊದಲು ಅದು ನನ್ನ ಕೈಗೆ ಎಟುಕಲಿ’ ಎಂದಳು ಆಕೆ.

ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು. ಆಷಾಢದ ಮಳೆ ಹಿಡಿದು ಹಳ್ಳದ ಸಂಕ ಕೊಚ್ಚಿಹೋದರೆ ಅವರ ಮನೆಗೆ ವಾರಗಟ್ಟಲೆ ಪೇಟೆಯ ನಂಟೇ ಇರುತ್ತಿರಲಿಲ್ಲ. ಅದನ್ನಾಕೆ ಆಪತ್ತು ಎಂದದ್ದೇ ಇಲ್ಲ; ಮಳೆಗಾಲ ಎನ್ನುತ್ತಿದ್ದಳು, ಅಷ್ಟೆ. ಬೇಸಿಗೆಯಲ್ಲೇ ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರುತ್ತಿತ್ತು. ಹಲಸಿನ ತೊಳೆ ಉಪ್ಪುನೀರಿಗೆ ಬೀಳುತ್ತಿತ್ತು. ಮಿಡಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಿಳಿ ಬಟ್ಟೆ, ಮೇಲೆ ದಾರ. ತಲೆಯೆತ್ತಿದರೆ ಜಂತಿಯಲ್ಲಿ ಬಾಳೆನಾರಿನಿಂದ ಕಟ್ಟಿದ ಬಣ್ಣದ ಸೌತೆಕಾಯಿಗಳು, ತೊಟ್ಟಿಲಲ್ಲಿ ಮಲಗಿಸಿದ ಮಕ್ಕಳ ಹಾಗೆ. ವಾರಕ್ಕೊಂದು ಇಳಿಯುತ್ತಿತ್ತು, ಹುಳಿಯಾಗುತ್ತಿತ್ತು. ಮಳೆ ಹಿಂದೆ ಸರಿಯುವ ಹೊತ್ತಿಗೆ ಭರಣಿಯ ತಳ ಕಾಣುತ್ತಿತ್ತು.

ಬಯಲುಸೀಮೆಯವರದು ಇನ್ನೂ ದೊಡ್ಡ ಕೈ. ನೆಲದಲ್ಲಿ ಹಗೇವು ತೋಡಿ, ರಾಗಿಯನ್ನೋ ಜೋಳವನ್ನೋ ತುಂಬಿ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡದ ರಾಗಿ ಬರಗಾಲಕ್ಕೆ ಬಂಧು. ಬಾಯಿ ತೆರೆದ ಕೂಡಲೇ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ತುಂಬಿರುತ್ತದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯ ಕಾಯಬೇಕು.

ನನ್ನ ಡ್ರಮ್ಮಿಗೆ ದೀಪ ಇಳಿಬಿಡುವ ಅಗತ್ಯ ಬೀಳಲಿಲ್ಲ. ಮರುವರ್ಷ ಯುಗಾದಿಗೆ ಮುಚ್ಚಳ ತೆಗೆದರೆ ಅಕ್ಕಿಯೇ ನಡೆದಾಡುತ್ತಿತ್ತು. ಕಪ್ಪು ಮೂತಿಯ ಹುಳು ಕಾಳಿನೊಳಗೇ ಮೊಟ್ಟೆಯಿಟ್ಟು, ಮರಿಗಳು ಒಳಗೇ ತಿಂದುಂಡು, ಕಾಳು ಕೊರೆದು ಹೊರಬಂದಿದ್ದವು. ಆಪದ್ಧನದ ಫಲಾನುಭವಿಗಳು ಅವೇ. ರವೆಯಲ್ಲಿ ನುಸಿ ಜಾಳಿಗೆ ಕಟ್ಟಿತ್ತು. ಬೇಳೆ ಮಾತ್ರ ಬಚಾವು. ನನಗೆ ಗೊತ್ತಿಲ್ಲದಂತೆ ನನ್ನಾಕೆ ಅದಕ್ಕೆ ಹರಳೆಣ್ಣೆ ಸವರಿ, ನಾಲ್ಕು ಒಣಮೆಣಸಿನಕಾಯಿ ಹಾಕಿಟ್ಟಿದ್ದಳು. ಅಕ್ಕಿಯನ್ನು ತಾರಸಿಯ ಬಿಸಿಲಿಗೆ ಹರಡಿ, ಗುಬ್ಬಚ್ಚಿಗಳು ಈಗ ಎಲ್ಲಿ ಹೋದವೋ ಎಂದು ಮರುಗುತ್ತ, ಹುಳು ಹೆಕ್ಕುತ್ತ ಕುಳಿತೆ.

ಹುಚ್ಚು ನನ್ನೊಬ್ಬನದೇ ಅಲ್ಲ, ಬಿಡಿ. 2023ರ ಜುಲೈನಲ್ಲಿ ನಮ್ಮ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸೋನಾ ಮಸೂರಿಗೆ ಸಾಲೋ ಸಾಲು. ಅಲ್ಲಿರುವ ನನ್ನ ಸೋದರಳಿಯ ಐದು ಮೂಟೆ ಹೊತ್ತು ತಂದು ಕಾರು ನಿಲ್ಲಿಸುವ ಜಾಗದಲ್ಲಿ ಪೇರಿಸಿದನಂತೆ. ಕಾರು ಬೀದಿಗೆ ಬಂತು. ‘ಮಾವ, ಹುಳು ಬಿದ್ರೆ ಏನ್ಮಾಡೋದು?’ ಎಂದು ಫೋನಿನಲ್ಲಿ ಕೇಳಿದ. ನಾನು ಅನುಭವಸ್ಥನ ಗಾಂಭೀರ್ಯದಿಂದ ಫೋನನ್ನು ಅವನ ಅತ್ತೆಗೆ ಕೊಟ್ಟೆ.

ನಿಜವಾದ ಆಪತ್ತು ಅದಕ್ಕೂ ಮೊದಲೇ, 2022ರ ಸೆಪ್ಟೆಂಬರಿನಲ್ಲಿ ಬಂದು ಹೋಗಿತ್ತು. ಬೆಂಗಳೂರಿನ ಬೀದಿಗಳಲ್ಲಿ ದೋಣಿ ತೇಲಿದ ಮಳೆ ನಿಮಗೂ ನೆನಪಿರಬೇಕು. ಅದೇ ಮಳೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ನಮ್ಮೂರಿಗೆ ಕಾವೇರಿಯನ್ನು ಎತ್ತಿ ಕಳಿಸುವ ಪಂಪ್‌ಹೌಸಿಗೇ ನೀರು ನುಗ್ಗಿತು. ಹೊರಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಬರೀ ಗಾಳಿ. ಸಂಪು ತಳ ಕಂಡಿತ್ತು. ಈ ಸಲ ನುಸಿ ಮುಟ್ಟದ ಹೊಸ ದಾಸ್ತಾನು ಅಟ್ಟದ ಮೇಲಿತ್ತು. ವಿಜಯೋತ್ಸಾಹದಿಂದ ಸ್ಟೂಲು ಹತ್ತಿ ಅಕ್ಕಿ ಇಳಿಸಿದೆ, ಬೇಳೆ ಇಳಿಸಿದೆ. ಆಕೆ ಕುಕ್ಕರ್ ತಂದು ಮುಂದಿಟ್ಟು ಕೇಳಿದಳು: ‘ಯಾವುದರಲ್ಲಿ ಬೇಯಿಸಲಿ? ಮೇಣದಬತ್ತಿಯಲ್ಲೋ?’

ಅಂದು ರಾತ್ರಿ ನಮ್ಮನ್ನು ಕಾಪಾಡಿದ್ದು ಎದುರುಮನೆಯ ಅಜ್ಜಿ ತಂದುಕೊಟ್ಟ ಪೇಪರ್ ಅವಲಕ್ಕಿ. ಕಾಯಿತುರಿ, ಬೆಲ್ಲ ಹಾಕಿ ಕಲಸಿದರಾಯಿತು, ತೊಟ್ಟು ನೀರು ಬೇಡ. ಬದಲಿಗೆ ಎರಡು ಸೇರು ಬೇಳೆ ಕೊಡಹೋದೆ. ‘ಬೇಳೆ ಇದೆ ಕಣಪ್ಪ, ಒಂದು ಚೊಂಬು ನೀರಿದ್ರೆ ಕೊಡು’ ಎಂದರು.

ಆ ನೀಲಿ ಡ್ರಮ್ಮು ಈಗ ಅಟ್ಟದಿಂದಿಳಿದು ಬಚ್ಚಲ ಪಕ್ಕ ಕೂತಿದೆ. ಅಕ್ಕಿ ಬೇಳೆ ಕೆಳಗಿನ ಗೂಡಿಗೆ ಬಂದಿವೆ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ, ದಿನದ ಅಡುಗೆಗೆ ಅದೇ. ತಿಂಗಳಿಗಾಗುವಷ್ಟೇ ತರುತ್ತೇನೆ, ಹುಳುವಿಗೆ ಸಂಸಾರ ಹೂಡಲು ಪುರುಸೊತ್ತಿಲ್ಲ. ನೀವೂ ಆಪತ್ತಿಗೆಂದು ಸಾಮಾನು ಕಟ್ಟಿಸುವುದಾದರೆ ಕಟ್ಟಿಸಿ, ಬೇಡವೆನ್ನುವುದಿಲ್ಲ. ಅಂಗಡಿಗೆ ಹೊರಡುವ ಮುಂಚೆ ಮನೆಮಂದಿಗೆಲ್ಲ ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು ತುಂಬಿಡಿ. ನಮ್ಮ ಬೀದಿಗೆ ನೀರು ಬರುವುದು ನಾಳೆ. ಡ್ರಮ್ಮು ತೊಳೆಯುವುದಿದೆ, ಬರುತ್ತೇನೆ.