ಬಡ್ತಿ ಕೇಳುವ ಮೊದಲು ನೌಕರಿ ತೋರಿಸಿ

ಸರ್ಕಾರಿ ಕಚೇರಿಯಲ್ಲಿ ಕೆಲಸ ಕಲಿಯುತ್ತಿರುವವರಿಗೆ ಬಡ್ತಿ ನೀತಿ ಇಲ್ಲ ಎಂದವರು ಯಾರು? ಇದೆ. ಬಲು ಸೊಗಸಾಗಿಯೇ ಇದೆ. ದಿನಗೂಲಿಯವನು ಗುತ್ತಿಗೆಗೆ ಬರುತ್ತಾನೆ. ಗುತ್ತಿಗೆಯವನು ಹೊರಗುತ್ತಿಗೆಗೆ ಹೋಗುತ್ತಾನೆ. ಅಲ್ಲಿಂದ ಮುಂದೆ ಹೋಗಲು ಮನೆ ಒಂದೇ ಉಳಿದಿದೆ.

ಬಳ್ಳಾರಿಯ ಒಂದು ಕಚೇರಿ. ಯಾವುದೆಂದು ಕೇಳಬೇಡಿ, ಯಾವುದಾದರೂ ನಡೆಯುತ್ತದೆ. ಹೊರಗುತ್ತಿಗೆ ಆಪರೇಟರ್ ಹುಡುಗಿ ನೌಕರರ ಜ್ಯೇಷ್ಠತಾ ಪಟ್ಟಿ ಟೈಪ್ ಮಾಡುತ್ತಿದ್ದಾಳೆ. ಯಾರು ಎಂದು ಸೇವೆಗೆ ಸೇರಿದರು, ಯಾರ ಪ್ರೊಬೇಷನ್ ಎಂದು ಮುಗಿಯಿತು, ಯಾರಿಗೆ 10 ವರ್ಷದ ಕಾಲಬದ್ಧ ಬಡ್ತಿ, ಯಾರಿಗೆ 15 ವರ್ಷದ್ದು, ಎಲ್ಲವೂ ಅವಳಿಗೆ ಬಾಯಿಪಾಠ.

"ಲಿಸ್ಟ್ ಆತೇನವ್ವಾ?" ಎನ್ನುತ್ತಾರೆ ಸಾಹೇಬರು.

"ಆತು ಸರ್. ಓಟಿಪಿ ಹೇಳ್ರಿ."

ಸಾಹೇಬರು ಹೇಳುತ್ತಾರೆ. ಲಾಗಿನ್ ಅವರದು, ಬೆರಳು ಇವಳದು. ಪಟ್ಟಿಯ ಕೊನೆಯ ಸಾಲಿನಲ್ಲೂ ಇವಳ ಹೆಸರಿಲ್ಲ. ಹೊಸದಾಗಿ ನೇಮಕವಾದ ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ) ಬಂದರೆ ಅವನಿಗೆ ಕಡತ ಎಬ್ಬಿಸುವುದನ್ನು ಕಲಿಸುವವಳೂ ಇವಳೇ. ಎರಡು ವರ್ಷಕ್ಕೆ ಅವನ ಪ್ರೊಬೇಷನ್ ಮುಗಿಯುತ್ತದೆ. ಕಲಿಸಿದವಳದು ಮುಗಿಯುವುದಿಲ್ಲ, ಏಕೆಂದರೆ ಶುರುವೇ ಆಗಿಲ್ಲ.

ಕಲಿಕೆಗೆ ಒಂದು ಕೊನೆ ಇರಬೇಕು. ಎಂಬಿಬಿಎಸ್ ಮುಗಿಸಿದ ಹೌಸ್ ಸರ್ಜನ್‌ಗೆ 12 ತಿಂಗಳು. ಅಷ್ಟಾದರೆ ಅವನು ಡಾಕ್ಟರು. ಅಪ್ರೆಂಟಿಸ್‌ಗಳಿಗೆ 1961ರ ಕಾಯ್ದೆ ಇದೆ. ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿಯೊಬ್ಬ ಉದ್ಯೋಗದಾತನೂ ತನ್ನದೊಂದು ನೀತಿ ರೂಪಿಸಬೇಕು ಎಂದು 2014ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಕಾರ್ಖಾನೆಯವರಿಗೆ ಕೊಟ್ಟ ಈ ಬುದ್ಧಿಮಾತು ಸರ್ಕಾರದ ಸ್ವಂತ ಕಚೇರಿಯ ಹೊಸ್ತಿಲು ದಾಟುವುದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಒಳಗಿನವರ ಬಡ್ತಿ ತಡವಾದರೆ ಮಾತ್ರ ಸರ್ಕಾರದ ಕರುಳು ಚುರುಕ್ ಎನ್ನುತ್ತದೆ. ಅವರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆಸಿಎಸ್‌ಆರ್) ನಿಯಮ 32 ಇದೆ: ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ. ಬಡ್ತಿ ಆಮೇಲೆ ಬರಲಿ, ಕುರ್ಚಿ ಈಗಲೇ ತೆಗೆದುಕೊಳ್ಳಿ. ಕುರುಗೋಡಿನಂಥ ಹೊಸ ತಾಲ್ಲೂಕುಗಳಿಗೆ ಬೋರ್ಡು ಬಂದಷ್ಟು ಬೇಗ ಸಿಬ್ಬಂದಿ ಬರುವುದಿಲ್ಲ. ಮೇಲೆ ಪ್ರಭಾರ, ಕೆಳಗೆ ಹೊರಗುತ್ತಿಗೆ. ನಡುವೆ ಅರ್ಜಿ ಹಿಡಿದು ನಿಂತ ನಾವು.

ಸಿರುಗುಪ್ಪದ ಗದ್ದೆಸೀಮೆಗೆ ಬನ್ನಿ. ಅಲ್ಲಿನ ಶಾಲೆಯ ಅತಿಥಿ ಶಿಕ್ಷಕ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಾನೆ. ಬಿಸಿಯೂಟದ ಮೊಟ್ಟೆ ಎಣಿಸುತ್ತಾನೆ. ಎಸ್‌ಎಟಿಎಸ್ ಪೋರ್ಟಲ್‌ನಲ್ಲಿ ಮಕ್ಕಳ ಮಾಹಿತಿ ತುಂಬುತ್ತಾನೆ. ಶೈಕ್ಷಣಿಕ ವರ್ಷ ಮುಗಿದರೆ ಅವನೂ ಮುಗಿದ. ಬೇಸಿಗೆ ರಜೆ ಇಬ್ಬರಿಗೂ ಉಂಟು, ಪಕ್ಕದ ಕೋಣೆಯ ಮೇಷ್ಟ್ರಿಗೆ ಸಂಬಳದ ಜೊತೆ, ಇವನಿಗೆ ಸಂಬಳದಿಂದಲೇ ರಜೆ. ಶಾಲೆ ಮತ್ತೆ ತೆರೆದಾಗ ಮತ್ತೆ ಅರ್ಜಿ, ಮತ್ತೆ ಹೊಸಬ. ಹತ್ತು ವರ್ಷ ದುಡಿದರೂ ಪ್ರತಿ ಜೂನ್‌ನಲ್ಲಿ ಅವನ ಸೇವೆ ಸೊನ್ನೆಯಿಂದ ಶುರು. ದುಡಿಸಿಕೊಂಡ ವರ್ಷಗಳನ್ನು ಹೀಗೆ ಒರೆಸಿ ಹಾಕುವುದನ್ನು ಬೇರೆ ಯಾರಾದರೂ ಮಾಡಿದರೆ ಕಾರ್ಮಿಕ ಇಲಾಖೆ ನೋಟಿಸ್ ಕೊಡುತ್ತದೆ.

ಬೊಕ್ಕಸದಲ್ಲಿ ದುಡ್ಡಿಲ್ಲ ಎನ್ನುತ್ತೀರಾ? 2025ರ ಮಾರ್ಚ್ ನೆನಪಿಸಿಕೊಳ್ಳಿ. 7ನೇ ತಾರೀಕಿನ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದರು. ಪ್ರಾಥಮಿಕ ಶಾಲೆಯವನಿಗೆ 10,000 ಇದ್ದದ್ದು 12,000 ಆಯಿತು. ಎಷ್ಟು ಚಪ್ಪಾಳೆ! ಎರಡು ವಾರ ಕಳೆದು 21ಕ್ಕೆ ಅದೇ ವಿಧಾನಸೌಧದಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಗಳದು 75,000ದಿಂದ ಒಂದೂವರೆ ಲಕ್ಷಕ್ಕೆ. ಗದ್ದಲದ ನಡುವೆ, ಚರ್ಚೆಯ ರಗಳೆ ಇಲ್ಲದೆ. ಆ ದಿನ ಯಾರಿಗೂ ಆರ್ಥಿಕ ಇಲಾಖೆಯ ಸಹಮತಿ ಅಡ್ಡ ಬರಲಿಲ್ಲ.

ದುಡ್ಡಿನ ಮಾತು ಮುಗಿದರೆ ಕಾನೂನಿನ ಮಾತು. ಖಾಯಂ ಎಂದ ಕೂಡಲೇ ಅಧಿಕಾರಿಗಳು ಉಮಾದೇವಿ ಪ್ರಕರಣ ಎನ್ನುತ್ತಾರೆ. ನಮ್ಮ ರಾಜ್ಯದ್ದೇ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದು. ಹಿಂಬಾಗಿಲ ನೇಮಕವನ್ನು ಸಕ್ರಮ ಮಾಡಬೇಡಿ ಎಂದು 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ನಿಜ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಸಕ್ರಮಗೊಳಿಸಿ, ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಿ ಎಂದೂ ಅದೇ ತೀರ್ಪು ಹೇಳಿತ್ತು. ಅಧಿಕಾರಿಗಳು ತಮಗೆ ಬೇಕಾದ ಪ್ಯಾರಾ ಓದಿ ಪುಸ್ತಕ ಮುಚ್ಚಿದರು. ಇದನ್ನೇ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಆಡಿತು. ಓದದ ಪ್ಯಾರಾ ಇನ್ನೂ ಓದಿಲ್ಲ.

ಇನ್ನೊಂದು ತಮಾಷೆ ನೋಡಿ. 2024ರಲ್ಲಿ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ತಂದಿತು. ತರಲಿ, ನ್ಯಾಯವೇ. ಆದರೆ ಕೆಲಸ ತಾತ್ಕಾಲಿಕವಾಗಿದ್ದರೆ ಅದಕ್ಕೇಕೆ ರೋಸ್ಟರ್? ರೋಸ್ಟರ್ ಹಾಕುವಷ್ಟು ಸ್ಥಿರವಾಗಿದ್ದರೆ ಅದು ತಾತ್ಕಾಲಿಕ ಹೇಗೆ?

ನಮಗಂತೂ ಸಂವಿಧಾನದ 371(ಜೆ) ವಿಧಿ ಇದೆ. ಹೋರಾಡಿ ಪಡೆದದ್ದು. ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕದಲ್ಲಿ ಎ ಮತ್ತು ಬಿ ಗುಂಪಿನಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಹುದ್ದೆ ಸ್ಥಳೀಯರಿಗೆ. ಪಾಲು ಪಕ್ಕಾ. ಹುದ್ದೆ ಖಾಲಿ. ಖಾಲಿ ಹುದ್ದೆಯಲ್ಲಿ ಶೇ. 80 ನಮ್ಮದು ಎಂದು ಬೀಗುತ್ತಾ ನಮ್ಮ ಹುಡುಗರು ಹೊರಗುತ್ತಿಗೆ ಏಜೆನ್ಸಿಯ ಬಾಗಿಲಲ್ಲಿ ಸಾಲು ನಿಂತಿದ್ದಾರೆ. ಏಜೆನ್ಸಿಯ ಸೇವಾ ಶುಲ್ಕ ಮಾತ್ರ ಎಂದೂ ಖಾಲಿ ಬಿದ್ದಿಲ್ಲ.

ಪ್ರತಿ ವಿರೋಧ ಪಕ್ಷವೂ ಗುತ್ತಿಗೆ ನೌಕರರ ಧರಣಿ ಟೆಂಟಿಗೆ ಬಂದು ಖಾಯಂ ಮಾಡುತ್ತೇವೆ ಎನ್ನುತ್ತದೆ. ಅಧಿಕಾರ ಸಿಕ್ಕ ಮೇಲೆ ಕಾನೂನು ತೊಡಕು ಎನ್ನುತ್ತದೆ. ಅಷ್ಟರಲ್ಲಿ ಟೆಂಟಿನಲ್ಲಿ ಕೂತವನ ವಯೋಮಿತಿ ಮೀರಿರುತ್ತದೆ. ನೇಮಕಾತಿ ಅಧಿಸೂಚನೆ ಹೊರಬಿದ್ದಾಗ, ಅದೇ ಹುದ್ದೆಯ ಕೆಲಸ ಮಾಡುತ್ತಿರುವವನಿಗೆ ಆ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಇಲ್ಲ.

ಶಾಸಕರಿಗೆ ಅರ್ಹತಾ ಪರೀಕ್ಷೆ ಇಲ್ಲ, ಗರಿಷ್ಠ ವಯೋಮಿತಿ ಇಲ್ಲ, ಪ್ರೊಬೇಷನ್ ಇಲ್ಲ. ಮಂತ್ರಿಯಾಗಲು ಜ್ಯೇಷ್ಠತಾ ಪಟ್ಟಿಯೂ ಬೇಡ. ಸೋತರೂ ಪಿಂಚಣಿ. ಆದರೂ ಅವರು ಒಂದು ವಿಷಯ ಮರೆಯದಿದ್ದರೆ ಒಳ್ಳೆಯದು. ಅವರದೂ ಐದು ವರ್ಷದ ಗುತ್ತಿಗೆಯೇ. ನವೀಕರಣದ ಅರ್ಜಿ ಹಿಡಿದು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮನೆ ಬಾಗಿಲಿಗೇ ಬರಬೇಕು. ಆಗ ನಾವೂ ಹೇಳಬಹುದು: ಕಾನೂನು ತೊಡಕಿದೆ, ನೋಡೋಣ.